ಮೊಳೆಗೆ ಬಾರದ ನಲವತ್ತೊಂದು

ಊರಿಗಾಂ ಲೈನಿನ ಆರುಮುಗಂ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಕಾಫಿ, ಆರೂವರೆಗೆ ಟೈಮಾಫೀಸು. ಚಿನ್ನದ ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತಲ್ಲ, ಇನ್ನೆಲ್ಲಿಯ ಟೈಮಾಫೀಸು ಅಂತೀರಾ? ಅದನ್ನೇ ಹೇಳೋಕೆ ಹೊರಟೆ, ತಾಳಿ. ಎಪ್ಪತ್ತನಾಲ್ಕರ ಆರುಮುಗಂ ಲೋಟ ತೊಳೆದು ಬೋರಲು ಹಾಕಿ, ಕನ್ನಡಕವನ್ನು ಲುಂಗಿಯಲ್ಲಿ ಒರೆಸಿಕೊಂಡು, ಮಗಳು ಸುಮಿತಾಳ ಕಂಪ್ಯೂಟರ್ ಮುಂದೆ ಬಂದು ಕೂರುತ್ತಿದ್ದರು. ಆ ಕಂಪ್ಯೂಟರಿನೊಳಗೆ ಒಂದು ಗಣಿ ಇತ್ತು.

ಅದೊಂದು ಆಟ. ಚೌಕ ಚೌಕ ಕಲ್ಲು ಒಡೆದು ನೆಲ ತೋಡೋದು, ಸಿಕ್ಕಿದ್ದರಲ್ಲಿ ಮನೆ ಕಟ್ಟೋದು, ಬೆಳೆ ಇಡೋದು. ಒಬ್ಬರೇ ಆಡಬಹುದು. ಆದರೆ ಹತ್ತು ಜನ ಒಂದೇ ಊರಲ್ಲಿ ಸೇರಿ ಆಡಬೇಕಾದರೆ ಆ ಊರನ್ನು ಯಾರಾದರೂ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಹಗಲೂ ಇರುಳೂ ನಡೆಸಬೇಕು. ಅದಕ್ಕೇ ಸರ್ವರ್ ಅನ್ನೋದು. ಲಾಕ್‌ಡೌನಿನಲ್ಲಿ ಬಂಗಾರಪೇಟೆ ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡಿಯ ಕೆಲಸ ನಿಂತು ಮನೆಯಲ್ಲಿ ಕೂತಿದ್ದಾಗ, ಹೊತ್ತು ಹೋಗದೆ ಸುಮಿತಾ ಶುರು ಮಾಡಿದ್ದು. ಅಂಗಡಿ ಮತ್ತೆ ತೆರೆಯಿತು, ಅವಳು ಮತ್ತೆ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತಿ ಕೆಲಸಕ್ಕೆ ಹೋದಳು, ಸರ್ವರ್ ಮಾತ್ರ ನಿಲ್ಲಲಿಲ್ಲ. ಈಗ ಅರವತ್ತು ಚಿಲ್ಲರೆ ಜನ. ಕೋರಮಂಡಲ್‌ನವರು, ಬಂಗಾರಪೇಟೆಯವರು, ಮಾಲೂರಿನವರು, ಕುಪ್ಪಂ ಕಡೆಯವರು. ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮಾತೆಲ್ಲ ಬರಹದಲ್ಲೇ, ಅರ್ಧ ಕನ್ನಡ, ಕಾಲು ತಮಿಳು, ಕಾಲು ತೆಲುಗು. ಒಬ್ಬರನ್ನೊಬ್ಬರು ಹೊಡೆಯೋದು ಬಡಿಯೋದು ಅಲ್ಲಿಲ್ಲ. ಎಲ್ಲರೂ ಸೇರಿ ಒಂದೇ ಶಾಫ್ಟು, ಅಂದರೆ ಗಣಿಯ ಬಾವಿ, ಇಳಿಸಬೇಕು. ವೈರಿ ಅಂದರೆ ಕಲ್ಲು, ಕತ್ತಲೆ, ನೀರು ಅಷ್ಟೆ.

ಮೊದಲ ದಿನ ಅಪ್ಪ ಹಿಂದೆ ನಿಂತು ನೋಡಿ ಹಣೆ ಚಚ್ಚಿಕೊಂಡಿದ್ದರು. "ಏನು ಪಾಪಾ ಇದು? ಬಿಲ್ಲೆ ಇಲ್ದೆ ಜನ ಕೆಳಗೆ ಇಳೀತಾವ್ರೆ, ಸಂತೆಗೆ ಓದಂಗೆ?"

ಅವರು ಗಣಿಯ ಟೈಮಾಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದವರು. ಕೆಳಗಿಳಿಯುವ ಪ್ರತಿಯೊಬ್ಬ ಆಳೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಗೋಡೆಯ ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಅದೇ ಮೊಳೆಗೆ ಹಾಕಬೇಕು. ಶಿಫ್ಟು ಮುಗಿದಾಗ ಯಾವ ಮೊಳೆ ಖಾಲಿಯೋ ಆ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆ ಅಂತ ಅರ್ಥ. ಆ ಪದ್ಧತಿಯನ್ನೇ ಮುದುಕರು ಮಗಳ ಆಟದೊಳಕ್ಕೂ ತಂದರು. ಶಾಫ್ಟಿನ ಬಾಯಲ್ಲಿ ಟೈಮಾಫೀಸು ಕಟ್ಟಿಸಿದರು, ಗೋಡೆ ತುಂಬ ಮೊಳೆ ಹೊಡೆಸಿದರು, ಅದರಾಚೆ ದೀಪದ ಕೋಣೆ ಮಾಡಿಸಿದರು. ಇಳಿಯುವಾಗ ಒಂದು ಬಿಲ್ಲೆ, ಒಂದು ದೀಪ. ಹತ್ತಿ ಬಂದಮೇಲೆ ಎರಡೂ ವಾಪಸ್ಸು. ಯಾರಿಗೆ ಯಾವ ನಂಬರು, ಯಾವ ಊರು ಅಂತ ಉದ್ದದ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದಿಟ್ಟರು. ಆಡುವವರು ಮೊದಲು ನಕ್ಕರು, ಆಮೇಲೆ ಅದೇ ಅವರಿಗೆ ಹೆಮ್ಮೆಯಾಯಿತು.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿಫ್ಟು ಮುಚ್ಚುವುದು. ಎಲ್ಲ ಬಿಲ್ಲೆಯೂ ಮೊಳೆಗೆ ಬಂದಮೇಲೆ ಸುಮಿತಾ ಟೈಮಾಫೀಸಿನ ಹಲಗೆಯ ಮೇಲೆ "ಎಲ್ಲರೂ ಮೇಲೆ" ಅಂತ ಬರೆದು, ಸರ್ವರ್ ನಿಲ್ಲಿಸಿ, ಇಡೀ ಊರಿನ ನಕಲು ತೆಗೆದಿಟ್ಟು, ಮತ್ತೆ ಚಾಲೂ ಮಾಡುತ್ತಿದ್ದಳು. ಒಂದು ಮೊಳೆ ಖಾಲಿಯಿದ್ದರೂ ಮುಚ್ಚುವ ಹಾಗಿಲ್ಲ. ಅದು ಅಪ್ಪನ ಕಟ್ಟಪ್ಪಣೆ. ಆದರೆ ಆ ಎರಡು ಪದ ಮಾತ್ರ ಅವರು ಯಾವತ್ತೂ ತಾವು ಬರೆಯರು. "ನೀನೇ ಬರಿ ಪಾಪಾ, ನಂಗೆ ಕೀಬೋರ್ಡು ಆಗಲ್ಲ" ಅನ್ನೋರು. ಮಿಕ್ಕಿದ್ದೆಲ್ಲ, ಬೈಗುಳವೂ ಸೇರಿದ ಹಾಗೆ, ಒಂದೇ ಬೆರಳಲ್ಲಿ ಸೊಗಸಾಗಿ ಬರೆಯೋರು. ಮುದುಕರ ಮೊಂಡಾಟ ಅಂತ ಸುಮಿತಾ ಸುಮ್ಮನಿದ್ದಳು.

ಈಗ ಮೂರು ಭಾನುವಾರದಿಂದ ಶಿಫ್ಟು ಮುಚ್ಚಿರಲಿಲ್ಲ. ನಲವತ್ತೊಂದನೇ ಮೊಳೆ ಖಾಲಿ.

ಆಗಿದ್ದು ಇಷ್ಟು. ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಗಣಿಗೆ ನೀರು ನುಗ್ಗಿತು. ಶಾಫ್ಟಿನ ಹಿಂದಿನ ಬಯಲಲ್ಲಿ ಯಾರೋ ಪುಣ್ಯಾತ್ಮರು ದೊಡ್ಡದೊಂದು ಕುಂಟೆ ತೋಡಿ ನೀರು ತುಂಬಿಸಿದ್ದರು. ಅದರ ತಳ ಕಿತ್ತುಕೊಂಡು ನೀರೆಲ್ಲ ಮೂರನೇ ಅಂತಸ್ತಿಗೆ ಇಳಿಯಿತು. ಎಷ್ಟೋ ಜನರ ಸಾಮಾನಿನ ಪೆಟ್ಟಿಗೆಗಳು ಮುಳುಗಿದವು. ಎಲ್ಲರಿಗಿಂತ ಹೆಚ್ಚು ಕಳಕೊಂಡವನು ಅಂಬರೀಶ. ಬಂಗಾರಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಸರ್ವರ್ ನೋಡಿಕೊಳ್ಳೋದರಲ್ಲಿ ಸುಮಿತಾಗೆ ಬಲಗೈ. ಎರಡು ವರ್ಷ ಕೂತು ಅವನು ಹಾಕಿದ್ದ ರೈಲುಹಳಿ, ಪಂಪು, ಎಲ್ಲಾ ನೀರುಪಾಲು.

ಸುಮಿತಾಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವತ್ತು ಅಂಗಡಿಯಲ್ಲಿ ಅರ್ಜಿ ತುಂಬಿಸೋಕೆ ಬಂದವರ ಜೊತೆ ಗುದ್ದಾಡಿ ತಲೆ ಬೇರೆ ಕೆಟ್ಟಿತ್ತು. ಹಿಂದೆಮುಂದೆ ನೋಡದೆ ಎಲ್ಲರಿಗೂ ಕಾಣುವ ಹಾಗೆ ಬರೆದಳು: "ಈ ಕೆಲಸ ಮಾಡಿದೋರು ಯಾರೇ ಆಗ್ಲಿ, ಮಾನ ಮರ್ಯಾದೆ ಇದ್ರೆ ಬಿಲ್ಲೆ ಮೊಳೆಗೆ ಹಾಕಿ ತೊಲಗಿ. ಇನ್ನೊಂದ್ಸಲ ಇಲ್ಲಿ ಮುಖ ತೋರಿಸಬೇಡಿ."

ಅರವತ್ತು ಜನವೂ ಓದಿದರು. ಒಬ್ಬರೂ ನಾನು ಅನ್ನಲಿಲ್ಲ. ಅವತ್ತಿನಿಂದಲೇ ನಲವತ್ತೊಂದು ಕಾಣೆ.

ನಲವತ್ತೊಂದರ ಹೆಸರು ಆಟದಲ್ಲಿ 'ಚಿವೆಂ' ಅಂತ. ಯಾರೋ ಇಂಜಿನಿಯರಿಂಗ್ ಓದೋ ಹುಡುಗ ಅಂತ ಎಲ್ಲರ ನಂಬಿಕೆ, ಯಾಕೆಂದರೆ ಅಷ್ಟು ಅಚ್ಚುಕಟ್ಟಾದ ಕೆಲಸ. ಎರಡು ಹೆಜ್ಜೆ ತೋಡಿದರೆ ಒಂದು ಮರದ ಆಸರೆ ನಿಲ್ಲಿಸೋದು, ನಾಲ್ಕು ಹೆಜ್ಜೆಗೆ ಒಂದು ದೀಪ ಹಚ್ಚೋದು. ಬೆಳಿಗ್ಗೆ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಮಾಯ. ಅಂಥವನ ಮೇಲೆ ಯಾರು ಅನುಮಾನ ಪಡುತ್ತಾರೆ? ನೀರು ನುಗ್ಗಿದ್ದಕ್ಕೆ ಬೇಜಾರಾಗಿ ಆಟವನ್ನೇ ಬಿಟ್ಟಿರಬೇಕು ಅಂದುಕೊಂಡರು.

ಬಿಟ್ಟರೆ ಬಿಡಲಿ ಅನ್ನೋಣವೆಂದರೆ ಅದೂ ಆಗದು. ಸುಮಿತಾಳ ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕು ವಾರದಿಂದ ಕಟಕಟ ಅನ್ನುತ್ತಿತ್ತು. ಮೂರು ವಾರದಿಂದ ನಕಲು ತೆಗೆದಿಲ್ಲ. ಅದು ಕೈಕೊಟ್ಟರೆ ಅಷ್ಟೂ ದಿನ ಅರವತ್ತು ಜನ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೊಸ ಕಂಪ್ಯೂಟರ್ ಬಂದು ಡಬ್ಬಿಯಲ್ಲೇ ಕೂತಿತ್ತು. ಅದಕ್ಕೆ ಊರನ್ನು ಸಾಗಿಸುವಾಗ ಇನ್ನೊಂದು ಫಜೀತಿ. ಆಟದ ಹೊಸ ಆವೃತ್ತಿಯಲ್ಲಿ ನೆಲದ ಮೇಲಿನದೆಲ್ಲ ಇದ್ದ ಹಾಗೇ ಉಳಿಯುತ್ತದೆ, ನೆಲದ ಕೆಳಗಿನದೆಲ್ಲ ಅಳಿಸಿ ಹೊಸ ಕಲ್ಲು ತುಂಬುತ್ತದೆ. ಮೇಲಿದ್ದವರು ಉಳಿದರು. ಕೆಳಗಿದ್ದವರು, ಅವರ ಸಾಮಾನು ಸಮೇತ, ಹೋದರು. ಆಡುವವರು ಆಟ ಬಿಟ್ಟೆದ್ದರೂ ಅವರ ಆಳು ಬಿಟ್ಟ ಜಾಗದಲ್ಲೇ ಇರುತ್ತದಲ್ಲ.

ಗುರುವಾರ ಮಧ್ಯಾಹ್ನ ಅಂಬರೀಶ ಜೆರಾಕ್ಸ್ ಅಂಗಡಿಗೇ ಬಂದ. "ಅಕ್ಕಾ, ಒಬ್ಬನಿಗೋಸ್ಕರ ಅರವತ್ತು ಜನ ಮುಳುಗಬೇಕಾ? ಈ ಭಾನುವಾರ ಸಾಗಿಸ್ಲೇಬೇಕು. ಆ ಡಿಸ್ಕು ಇನ್ನೊಂದು ವಾರ ತಡೆಯಲ್ಲ, ನಾನು ಬರ್ಕೊಡ್ತೀನಿ."

"ಅಪ್ಪ ಒಪ್ಪಲ್ಲ ಕಣೋ. ಬಿಲ್ಲೆ ಬರ್ಲಿ ಅಂತ ಕೂತವ್ರೆ."

"ಬಿಲ್ಲೆ ತಾನೆ? ನೀನು ಸರ್ವರ್ ಒಡತಿ. ಒಂದು ಸಾಲು ಕಮ್ಯಾಂಡ್ ಹೊಡಿ, ಇನ್ನೊಂದು ನಲವತ್ತೊಂದು ತಯಾರಾಗ್ತದೆ. ಮೊಳೆಗೆ ಹಾಕು. ಮುದುಕ್ರು ನೆಮ್ಮದಿಯಾಗಿರ್ತಾರೆ, ನಾವೂ ಬದುಕ್ಕೋತೀವಿ."

ಸುಮಿತಾ ಅವನನ್ನು ಬೈದು ಕಳಿಸಿದಳು. ಸಂಜೆ ಮನೆಗೆ ಬಂದಮೇಲೆ, ಅಪ್ಪ ಹಾಲಿಗೆ ಹೋಗಿದ್ದ ಹತ್ತು ನಿಮಿಷದಲ್ಲಿ, ಆ ಒಂದು ಸಾಲು ಹೊಡೆದೇಬಿಟ್ಟಳು. ಹೊಸ ನಲವತ್ತೊಂದು ಪಳಪಳ ಹೊಳೆಯುತ್ತ ಮೊಳೆಗೆ ಬಿತ್ತು. ಅಪ್ಪನ ಚಪ್ಪಲಿ ಸದ್ದು ಕೇಳಿ, ಪರದೆ ಆರಿಸಿ ಎದ್ದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ಟೈಮಾಫೀಸಿಗೆ ಕೂತರು. ಸುಮಿತಾ ಅಡುಗೆಮನೆಯಲ್ಲಿ ಡಬ್ಬಿಗೆ ನಿಂಬೆಹಣ್ಣಿನ ಚಿತ್ರಾನ್ನ ತುಂಬುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅಪ್ಪ ಕೇಳುವ ಮೊದಲೇ ತಾನೇ ಕೂಗಿದಳು. "ನಲವತ್ತೊಂದು ಬಂದ್ಬಿಟ್ಟಿದೆ ಅಪ್ಪಾ, ನೋಡಿದ್ರಾ?"

ಸುಮಿತಾ ಕೈ ಒರೆಸಿಕೊಂಡು ಬಂದು ನೋಡಿದರೆ, ಅಪ್ಪ ಮೊಳೆಗಳನ್ನು ನೋಡುತ್ತಿರಲಿಲ್ಲ. ಪರದೆಯ ಮೇಲೆ ದೀಪದ ಕೋಣೆ ಇತ್ತು. ಸಾಲು ದೀಪಗಳ ನಡುವೆ ಒಂದು ಜಾಗ ಖಾಲಿ.

"ಬಿಲ್ಲೆ ಬಂದದೆ. ದೀಪ ಎಲ್ಲಿ?"

"ಇಡೋದು ಮರೆತಿರ್ಬೇಕು, ಬಿಡಿ."

"ಮನುಷ್ಯ ಬಿಲ್ಲೆ ಮರೀತಾನೆ ಪಾಪಾ. ದೀಪ ಮರೆಯಲ್ಲ. ಕತ್ತಲಿಂದ ಬರೋನು ಕೈಲಿರೋ ದೀಪ ಎಂಗೆ ಮರೀತಾನೆ? ಯಾರು ಹಾಕಿದ್ದು?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ನಾನೇ" ಅಂದಳು. ಅಂದವಳು ಸುಮ್ಮನಿರದೆ, "ಅದು ಆಟ ಅಲ್ವಾ ಅಪ್ಪಾ? ಅಲ್ಲಿ ಯಾರು ಸಾಯ್ತಾರೆ?" ಅಂತ ಸೇರಿಸಿದಳು.

ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದಳು. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರನೇ ಮನೆ ಕದಿರಪ್ಪಂಗೆ ಕಾಲು ಎಂಗೆ ಓಯ್ತು, ಗೊತ್ತಾ ನಿಂಗೆ?"

ಗೊತ್ತಿಲ್ಲದೆ ಏನು? ಊರುಗೋಲಿನ ಕದಿರಪ್ಪ ಮಾಮ. ಸಣ್ಣವಳಿದ್ದಾಗ ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು ಕೊಡುತ್ತಿದ್ದವರು. ದಿನಾ ಸಂಜೆ ಬಂದು ಅಪ್ಪನ ಜೊತೆ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದವರು. ತೀರಿಕೊಂಡು ನಾಲ್ಕು ವರ್ಷ. "ಗಣೀಲಿ ಕಲ್ಲು ಬಿದ್ದು" ಅಂದಳು.

"ಕಲ್ಲು ಬಿದ್ದು ಕಾಲು ಮುರೀತು. ಕಾಲು ಓಗಿದ್ದು ನನ್ನಿಂದ."

ಎಂಬತ್ತನಾಲ್ಕನೇ ಇಸವಿ. ಸಂಜೆ ಶಿಫ್ಟು ಮುಗಿದಾಗ ಒಂದು ಮೊಳೆ ಖಾಲಿ ಇತ್ತು, ಕದಿರಪ್ಪನದು. ಬಿಲ್ಲೆಯನ್ನು ಜೇಬಿನಲ್ಲೇ ಮರೆತು ಮನೆಗೆ ಹೋಗೋದು, ಮಾರನೇ ದಿನ ಹೆಂಡತಿ ಕೈಲಿ ಕಳಿಸೋದು ತಿಂಗಳಿಗೆ ಎರಡು ಸಲ ಇದ್ದದ್ದೇ. ಆರುಮುಗಂ ಮೇಲಿನ ಅಧಿಕಾರಿ ಗಡಿಯಾರ ನೋಡಿಕೊಂಡು, "ಕದಿರಪ್ಪ ತಾನೆ? ಮನೆಗೆ ಓಗಿರ್ತಾನೆ, ಮುಚ್ಚಯ್ಯ" ಅಂದ. ಕಳೆದುಹೋದ ಬಿಲ್ಲೆಗಳಿಗೆ ಬದಲಿ ಬಿಲ್ಲೆಗಳು ಮೇಜಿನ ಖಾನೆಯಲ್ಲಿ ಇರುತ್ತಿದ್ದವು. ಆರುಮುಗಂ ಒಂದನ್ನು ತೆಗೆದು ಮೊಳೆಗೆ ಹಾಕಿದರು. ರಿಜಿಸ್ಟರಿನಲ್ಲಿ "ಎಲ್ಲರೂ ಮೇಲೆ" ಅಂತ ಬರೆದು ರುಜು ಹಾಕಿದರು.

"ದೀಪದ ಕೋಣೆಗೆ ಓಗಿ ನೋಡಿದ್ರೆ ಗೊತ್ತಾಗ್ತಿತ್ತು. ಇಪ್ಪತ್ತು ಎಜ್ಜೆ ಪಾಪಾ. ಬರೀ ಇಪ್ಪತ್ತು ಎಜ್ಜೆ. ನಾನು ಓಗ್ಲಿಲ್ಲ."

ಬೆಳಿಗ್ಗೆ ಕದಿರಪ್ಪನ ಹೆಂಡತಿ ಗಂಜಿ ಡಬ್ಬಿ ಹಿಡಿದುಕೊಂಡು ಬಂದು, ಮನೆಯೋರು ಬರಲಿಲ್ಲ ಸಾಮಿ ಅಂದಳಂತೆ. ಆರುಮುಗಂ ರಿಜಿಸ್ಟರ್ ತೆರೆದು ತೋರಿಸಿದರು. ನೋಡಮ್ಮ, ಎಲ್ಲರೂ ಮೇಲೆ, ಎಲ್ಲಾದರೂ ಕುಡಿದು ಬಿದ್ದಿರ್ತಾನೆ, ಹುಡುಕು ಹೋಗು.

"ಓದಕ್ಕೆ ಬರದ ಎಣ್ಮಗಳಿಗೆ ರಿಜಿಸ್ಟ್ರು ತೋರ್ಸಿದೆ. ಆಯಮ್ಮ ಅದಕ್ಕೆ ಕೈ ಮುಗಿದು ವಾಪಸ್ ಓದ್ಲು." ಅಪ್ಪ ಮೇಜಿನ ಮೇಲಿದ್ದ ಕನ್ನಡಕದ ಕಡ್ಡಿ ಮಡಚಿದರು. "ಅತ್ತೊಂಬತ್ತು ಗಂಟೆ ಅವನು ಕಲ್ಲಿನಡೀಲಿ ಕಾಲು ಸಿಕ್ಕಾಕ್ಕೊಂಡು ಕೂತಿದ್ದ. ಬೆಳಗಿನ ಶಿಫ್ಟಿನೋರು ಕಂಡು ಮೇಲೆ ತಂದ್ರು. ಬೇಗ ತಂದಿದ್ರೆ ಕಾಲು ಉಳೀತಿತ್ತು ಅಂದ್ರು ಡಾಕ್ಟ್ರು. ಮೂವತ್ತಾರು ವರ್ಷ ನನ್ ಜೊತೆ ಬೀಡಿ ಸೇದಿದ ಪಾಪಾ, ಒಂದಿನ ಒಂದು ಮಾತು ಅನ್ಲಿಲ್ಲ. ಬೈದಿದ್ರೆ ನಾನು ಬದುಕ್ಕೋತಿದ್ದೆ."

ಸುಮಿತಾಗೆ ಈಗ ಅರ್ಥವಾಯಿತು, ಆ ಎರಡು ಪದ ಬರೆಯೋಕೆ ಅಪ್ಪನ ಬೆರಳು ಯಾಕೆ ಏಳುತ್ತಿರಲಿಲ್ಲ ಅಂತ. ಅಳು ಬಂತು. ಮೊಂಡಾಟ ಅಂದುಕೊಂಡಿದ್ದ ತನ್ನ ತಲೆಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಕೂತು, ತಾನೇ ಹಾಕಿದ್ದ ಸುಳ್ಳು ಬಿಲ್ಲೆಯನ್ನು ತೆಗೆದಳು. "ಭಾನುವಾರದೊಳಗೆ ನಾನು ಹುಡುಕಿ ತರ್ತೀನಿ. ನೀವು ಕಾಫಿ ಕುಡೀರಿ" ಅಂದಳು. ಅಪ್ಪ ಆಗಲೇ ಕುಡಿದಿದ್ದರು, ಆದರೂ ಇನ್ನೊಂದು ಲೋಟ ಕುಡಿದರು.

ಹುಡುಕೋದು ಎಲ್ಲಿ? ಅಪ್ಪನ ನೋಟ್‌ಬುಕ್ಕಿನಲ್ಲಿ ನಲವತ್ತೊಂದರ ಮುಂದೆ "ಚಿವೆಂ, ಹುಣಸನಹಳ್ಳಿ" ಅಂತ ಇತ್ತು, ಅಷ್ಟೆ. ಸುಮಿತಾ ಹಳೇ ಮಾತುಕತೆಯನ್ನೆಲ್ಲ ತಿರುವಿ ಹಾಕಿದಳು. ದಿನಾ ನಾಲ್ಕು ಗಂಟೆಗೆ ಚಿವೆಂ ಒಂದೇ ಮಾತು ಬರೆದು ಹೋಗುತ್ತಿದ್ದ: "ಹಾಲು ಕರೆಯೋ ಹೊತ್ತಾಯ್ತು." ತಮಾಷೆ ಅಂತ ಎಲ್ಲರೂ ನಗುತ್ತಿದ್ದರು. ತಮಾಷೆಯಲ್ಲದಿದ್ದರೆ?

ಶನಿವಾರ ಅರ್ಧ ದಿನ ರಜೆ ಹಾಕಿ ಹುಣಸನಹಳ್ಳಿಗೆ ಹೋದಳು. ಹಾಲಿನ ವಿಚಾರ ಅಂದಮೇಲೆ ಡೈರಿಗಿಂತ ಬೇರೆ ಠಾಣೆ ಬೇಕಾ? ಡೈರಿ ಸೆಕ್ರೆಟರಿ ಮುನಿನಾರಾಯಣಪ್ಪ ಕ್ಯಾನು ತೊಳೆಸುತ್ತಿದ್ದರು. ಚಿವೆಂ ಅಂದ ಕೂಡಲೇ ತಲೆ ಎತ್ತಿದರು.

"ನಮ್ಮ ಪುಸ್ತಕದಾಗೆ ಅಂಗೇ ಬರ್ಕೊಳ್ಳೋದು ನಾವು. ಚಿಕ್ಕವೆಂಕಟಮ್ಮ ಅಂತ ಪೂರ್ತಿ ಬರಿಯಾಕೆ ಜಾಗ ಎಲ್ಲದೆ? ಅಗೋ, ಆ ಬೇವಿನಮರದ ಮನೆ."

ಸುಮಿತಾ ನಿಂತಲ್ಲೇ ನಿಂತಳು. ಚಿಕ್ಕವೆಂಕಟಮ್ಮ!

ಬೇವಿನಮರದ ಕೆಳಗೆ ಅರವತ್ತು ದಾಟಿದ ಹೆಂಗಸೊಬ್ಬರು ಒಂದು ಕಾಲು ನೀಡಿ ಕೂತು ಕುಡುಗೋಲಿನಲ್ಲಿ ಮೇವು ಕತ್ತರಿಸುತ್ತಿದ್ದರು. ಬಾಗಿಲಲ್ಲಿ ಸೊಸೆ ಲಿಖಿತ. ಯಾರು ಬೇಕಾಗಿತ್ತು ಅಂತ ಅವಳು ಕೇಳುವ ಮೊದಲೇ ಸುಮಿತಾ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾನು ಸುಮಿತಾ. ಊರಿಗಾಮಿಂದ. ಸರ್ವರ್ ಸುಮಿತಾ" ಅಂದಳು.

ಕುಡುಗೋಲು ನಿಂತಿತು. "ಬೈಯಾಕೆ ಇಲ್ಲೀಗಂಟ ಬಂದ್ಯೇನಮ್ಮಾ?"

ಸುಮಿತಾಳ ಎದೆಗೆ ಕುಡುಗೋಲೇ ನೆಟ್ಟ ಹಾಗಾಯಿತು. "ಇಲ್ಲಮ್ಮಾ. ಕರೆಯೋಕೆ ಬಂದೆ."

ಕತೆ ಬಿಚ್ಚಿಕೊಂಡಿತು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮಂಡಿ ಮುರಿದುಕೊಂಡು ಚಿಕ್ಕವೆಂಕಟಮ್ಮ ಮೂರು ತಿಂಗಳು ಹಾಸಿಗೆ ಹಿಡಿದಿದ್ದರು. ಮಲಗಿದಲ್ಲಿಂದಲೇ ಸೊಸೆಯ ಒಂದೊಂದು ಕೆಲಸಕ್ಕೂ ಹೆಸರಿಡುತ್ತಿದ್ದರು. ಲಿಖಿತಾಗೆ ತಲೆಚಿಟ್ಟು ಹಿಡಿದು, ಬಾಯಿ ಮುಚ್ಚಿಸೋಕೆ ಅಂತ ಫೋನಿನಲ್ಲಿ ಆಟ ಹಾಕಿಕೊಟ್ಟಳು. ಅತ್ತೆ ಮಂಡಿ ವಾಸಿಯಾದಮೇಲೂ ಫೋನು ಬಿಡಲಿಲ್ಲ. "ನಂಗೂ ಸುಖ, ಅವರಿಗೂ ಸುಖ" ಅಂತ ಲಿಖಿತ ಬಾಗಿಲಿಂದಲೇ ನಕ್ಕಳು.

"ಕುಂಟೆ ತೋಡಿದ್ದು ನಾನೇ ತಾಯಿ" ಅಂದರು ಚಿಕ್ಕವೆಂಕಟಮ್ಮ, ಮೇವಿನ ಕಡ್ಡಿ ಮುರಿಯುತ್ತ. "ಅಷ್ಟು ದೊಡ್ಡ ಊರು ಕಟ್ಟವ್ರೆ, ಶಾಫ್ಟು ಅಂತೆ, ರೈಲಂತೆ, ಒಂದು ಕುಂಟೆ ಇಲ್ಲ! ಕುಂಟೆ ಇಲ್ದಿರೋ ಊರು ಊರೇನಮ್ಮಾ? ದನಕರ ಎಲ್ಲೋಗಿ ನೀರು ಕುಡೀಬೇಕು? ಅದಕ್ಕೇ ತೋಡಿದೆ. ಗಣಿ ಅಲ್ಲೀಗಂಟ ಬಂದದೆ ಅಂತ ನಂಗೇನು ಗೊತ್ತು? ನೀರು ಇಳಿಯಾದು ನೋಡಿ ಜೀವ ಬಾಯಿಗೆ ಬಂತು. ಬಿಲ್ಲೆ ತಕ್ಕೊಂಡು, ದೀಪ ತಕ್ಕೊಂಡು ಇಳಿದೆ. ಯಾರ್ಯಾರ್ದೋ ನಾಕು ಪೆಟ್ಟಿಗೆ ಸಿಕ್ತು. ಒಂದು ಗೂಡು ತೋಡಿ ಒಳಕ್ಕೆ ತಳ್ಳಿ, ನಾನೂ ಒಳಕ್ಕೋಗಿ ಗೋಡೆ ಕಟ್ಕಂಡೆ. ಆಮೇಲೆ ನೋಡ್ತೀನಿ, ನೀನು ಬರ್ದಿದ್ದೆ."

"ಆಗಲೇ ಮೇಲೆ ಬರಬಾರ್ದಿತ್ತಾಮ್ಮಾ?"

"ಬಿಲ್ಲೆ ಆಕಿ ತೊಲಗು ಅಂದೆ. ಬಿಲ್ಲೆ ಆಕಬೇಕಂದ್ರೆ ಮೇಲಕ್ಕೆ ಬರಬೇಕಲ್ಲ. ಅಷ್ಟು ಜನದ ಮುಂದೆ ಯಾವ ಮುಖ ಒತ್ಕಂಡು ಬರ್ಲಿ? ನಾನು ಮಾಡಿದ ನೀರು, ನಾನೇ ಅದರೊಳಗಿರ್ತೀನಿ ಅಂತ ಅಲ್ಲೇ ಕೂತೆ. ಅವತ್ತಿಂದ ಆ ಕಡೆ ತಲೆ ಆಕಿಲ್ಲ. ಸುಳ್ಯಾಕೆ, ಎರಡು ದಿನ ಊಟ ಸೇರಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋಪದಲ್ಲಿ ಒಂದು ಸಾಲು ಬರೆದು ಮರೆತೇಬಿಟ್ಟಿದ್ದಳಲ್ಲ ಸುಮಿತಾ, ಇಲ್ಲೊಂದು ಜೀವ ಅದನ್ನು ನುಂಗಿಕೊಂಡು ಮೂರು ವಾರ ಕತ್ತಲಲ್ಲಿ ಕೂತಿತ್ತು. "ತಪ್ಪು ನಂದಮ್ಮಾ" ಅಂದಳು. "ಆ ಮಾತು ಬರೆದ ಕೈಗೆ ನೀವೇ ಎರಡೇಟು ಹಾಕಿ. ಆದ್ರೆ ನಾಳೆ ಮೇಲೆ ಬನ್ನಿ. ಬರ್ಲಿಲ್ಲ ಅಂದ್ರೆ ಕೆಳಗಿನದೆಲ್ಲ ಅಳಿಸಿಹೋಗ್ತದೆ, ನೀವೂ ಹೋಗ್ತೀರಿ. ನಮ್ಮಪ್ಪ ನಿಮ್ಮ ಮೊಳೆ ಮುಂದೆ ಮೂರು ವಾರದಿಂದ ಕೂತವ್ರೆ."

"ಯಾರು, ಟೈಮಾಫೀಸಿನೋರಾ? ದೀಪ ತಗೊಂಡ್ಯಾ ಅಂತ ಕೇಳೋರು?" ಚಿಕ್ಕವೆಂಕಟಮ್ಮನ ಕಣ್ಣು ಅಗಲವಾಯಿತು. "ಅಯ್ಯೋ ಶಿವನೇ! ಅದು ಮಿಷಿನ್ನು ಕೇಳ್ತದೆ ಅಂದ್ಕಂಡಿದ್ದೆ ಕಣಮ್ಮಾ. ಮನುಸ್ರಾ?"

"ಮನುಷ್ಯರೇ ಅಮ್ಮಾ." ಕದಿರಪ್ಪ ಮಾಮನ ವಿಷಯವನ್ನು ಸುಮಿತಾ ನಾಲ್ಕು ಮಾತಿನಲ್ಲಿ ಹೇಳಿದಳು. ಹೇಳುವಾಗ ಮತ್ತೆ ಕಣ್ಣು ತುಂಬಿತು. ಚಿಕ್ಕವೆಂಕಟಮ್ಮ ಕತ್ತರಿಸಿದ ಮೇವನ್ನು ಒಟ್ಟುಮಾಡಿ ಪಕ್ಕಕ್ಕೆ ಸರಿಸಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಎಷ್ಟೊತ್ತಿಗೆ ನಾಳೆ?" ಅಂತ ಕೇಳಿದರು.

"ಹತ್ತಕ್ಕೆ."

"ಡೈರಿಗೆ ಆಲು ಆಕಿ ಬತ್ತೀನಿ ಅನ್ನು. ನೀನು ಊಟ ಮಾಡ್ಕಂಡು ಓಗು."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಶಾಫ್ಟಿನ ಬಾಯಲ್ಲಿ ಜನ ನೆರೆದಿದ್ದರು. ನಲವತ್ತೊಂದು ಕೆಳಗಿದ್ದಾರೆ, ಹೊರಗೆ ತರಬೇಕು ಅಂತ ಮಾತ್ರ ಸುಮಿತಾ ಬರೆದಿದ್ದಳು. ಮಿಕ್ಕಿದ್ದು ನಾನೇ ಹೇಳ್ಕೋತೀನಿ ಅಂತ ಚಿಕ್ಕವೆಂಕಟಮ್ಮ ಮೊದಲೇ ಹೇಳಿದ್ದರು. ಒಂದು ಸಾಲು ಹೊಡೆದರೆ ಅವರನ್ನು ಸುಮಿತಾ ಕ್ಷಣದಲ್ಲಿ ಮೇಲೆ ತರಬಹುದಿತ್ತು. ಅಂಬರೀಶ ಅದನ್ನೇ ಅಂದ. ಆರುಮುಗಂ ಒಂದೇ ಬೆರಳಲ್ಲಿ ಬರೆದರು: "ಯಾವ ಸಾಲೂ ಬೇಡ. ತೋಡಿ."

ತೋಡಿದರು. ಎರಡನೇ ಅಂತಸ್ತಿನಿಂದ ನೀರಿನ ಪಕ್ಕಕ್ಕೆ ಓರೆಯಾಗಿ ದಾರಿ. ಆರುಮುಗಂ ಕೂತಲ್ಲೇ ಯಜಮಾನಿಕೆ: ಎಡಕ್ಕೆ, ಆಸರೆ ಕೊಡಿ, ಅಲ್ಲಿ ಕೈ ಹಾಕಬೇಡ, ನೀರಿದೆ. ಒಂಬತ್ತೂ ಮುಕ್ಕಾಲಾದರೂ ನಲವತ್ತೊಂದರ ಸುಳಿವಿಲ್ಲ. ಇತ್ತ ಡಿಸ್ಕು ಕಟಕಟ ಅನ್ನೋದು ಹೆಚ್ಚಾಯಿತು, ಪರದೆ ಎರಡು ಸಲ ನಿಂತು ಮತ್ತೆ ಓಡಿತು. ಬರಲ್ಲ, ನಾಚಿಕೊಂಡು ಹಿಂದೆ ಸರಿದರು ಅಂದುಕೊಂಡಳು ಸುಮಿತಾ. ಅಪ್ಪ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

ಹತ್ತಕ್ಕೆ ಎಂಟು ನಿಮಿಷ. ಚಿವೆಂ ಒಳಗೆ ಬಂದರು ಅಂತ ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು. "ಡೈರೀಲಿ ಲೇಟಾಯ್ತು" ಅಂತ ಮೊದಲ ಮಾತು.

"ಅಮ್ಮಾ, ಗೋಡೆಗೆ ಮೂರು ಸಲ ಬಡೀರಿ" ಅಂತ ಬರೆದರು ಆರುಮುಗಂ. ಟಕ್, ಟಕ್, ಟಕ್. ಕಲ್ಲಿನಾಚೆಯಿಂದ ಸದ್ದು ಬಂತು. ಸದ್ದು ಬಂದ ಕಡೆಗೆ ಇಪ್ಪತ್ತು ಜನ ಒಟ್ಟಿಗೆ ಮುಗಿಬಿದ್ದರು. ಕೊನೆಯ ಕಲ್ಲು ಒಡೆದವನು ಅಂಬರೀಶ. ಒಳಗೆ ಒಂದು ಸಣ್ಣ ಗೂಡು, ಉರಿಯೋ ದೀಪ ಒಂದು, ಪೆಟ್ಟಿಗೆ ನಾಲ್ಕು, ಅವುಗಳ ನಡುವೆ ನಲವತ್ತೊಂದು. ಎಲ್ಲರೂ ಸೇರಿ ಪೆಟ್ಟಿಗೆ ಹೊತ್ತು, ಶಾಫ್ಟಿನ ಲಿಫ್ಟಾದ ಕೇಜಿನಲ್ಲಿ ಕೂತು ಮೇಲೆ ಬಂದರು.

ಮೇಲೆ ಬಂದ ಚಿಕ್ಕವೆಂಕಟಮ್ಮ ಮೊಳೆಯ ಹತ್ತಿರ ಹೋಗಲಿಲ್ಲ. ಎಲ್ಲರ ಮುಂದೆ ನಿಂತು ಬರೆದರು. "ಕುಂಟೆ ತೋಡಿದ್ದು ನಾನೇ. ತಪ್ಪಾಯ್ತು. ಹೆಸರು ಚಿಕ್ಕವೆಂಕಟಮ್ಮ. ನಿಮ್ಮ ಸಾಮಾನು ಹಾಳಾಯ್ತು. ನಾಕು ಪೆಟ್ಟಿಗೆ ಉಳಿಸಿದೀನಿ, ನೋಡ್ಕಳ್ಳಿ."

ಆ ನಾಲ್ಕರಲ್ಲಿ ಅಂಬರೀಶನದು ಒಂದೂ ಇರಲಿಲ್ಲ. ಅವನೇ ಮೊದಲು ಬರೆದ: "ಅಜ್ಜೀ, ನಿಮಗೆ ವಯಸ್ಸೆಷ್ಟು?"

"ಅರವತ್ತೊಂದು. ಯಾಕಪ್ಪಾ, ಗಂಡು ನೋಡ್ತೀಯಾ?"

ಇಡೀ ಸರ್ವರ್ ನಕ್ಕಿತು. ಕುಪ್ಪಂನವರು ತೆಲುಗಿನಲ್ಲಿ ನಕ್ಕರು, ಕೋರಮಂಡಲ್‌ನವರು ತಮಿಳಿನಲ್ಲಿ. "ಹೊಸ ಊರಲ್ಲಿ ಕುಂಟೆ ಎಲ್ಲಿ ತೋಡಬೇಕು, ನೀವೇ ಜಾಗ ತೋರಿಸಿ ಅಜ್ಜೀ. ತಳಕ್ಕೆ ಕಲ್ಲು ನಾನು ಹಾಸ್ತೀನಿ" ಅಂದ ಅಂಬರೀಶ. ಸುಮಿತಾ ತಾನು ಅವತ್ತು ಬರೆದಿದ್ದಕ್ಕೆ ಎಲ್ಲರೆದುರೇ ತಪ್ಪಾಯ್ತು ಅಂತ ಬರೆದಳು. ಆಗ ನಲವತ್ತೊಂದು ನಿಧಾನಕ್ಕೆ ಟೈಮಾಫೀಸಿಗೆ ಬಂದು, ಬಿಲ್ಲೆಯನ್ನು ಮೊಳೆಗೆ ಹಾಕಿತು. "ಯಜಮಾನ್ರೇ, ಕಾದಿದ್ರಂತೆ. ಬಂದೆ" ಅಂತ ಬರೆಯಿತು. ಆಮೇಲೆ ದೀಪದ ಕೋಣೆಯ ಕಡೆಗೆ ಹೋಯಿತು.

ಒಂದೂ ಮೊಳೆ ಖಾಲಿಯಿಲ್ಲ. ಸುಮಿತಾ ಅಭ್ಯಾಸದ ಮೇಲೆ ಕೀಬೋರ್ಡಿಗೆ ಕೈ ಹಾಕಿದಳು. ಅಪ್ಪ ಅವಳ ಕೈಯನ್ನು ಮೆಲ್ಲಗೆ ಸರಿಸಿದರು.

ಅವರು ಬರೆಯಲಿಲ್ಲ. ಮೊದಲು ಆಟದೊಳಗಿನ ತಮ್ಮ ಆಳನ್ನು ಹಲಗೆಯ ಮುಂದಿಂದ ಎಬ್ಬಿಸಿ, ದೀಪದ ಕೋಣೆಗೆ ನಡೆಸಿದರು. ತುಟಿ ಅಲ್ಲಾಡುತ್ತಿತ್ತು. ಸುಮಿತಾ ಕಿವಿಗೊಟ್ಟು ಕೇಳಿದಳು, ಹೆಜ್ಜೆ ಎಣಿಸುತ್ತಿದ್ದರು. ಇಪ್ಪತ್ತಕ್ಕೆ ನಿಂತರು. ಸಾಲಿನಲ್ಲಿ ನಲವತ್ತೊಂದನೇ ದೀಪ ತನ್ನ ಜಾಗದಲ್ಲಿ ಉರಿಯುತ್ತಿತ್ತು. ಅದನ್ನು ನೋಡಿ ಮತ್ತೆ ಇಪ್ಪತ್ತು ಹೆಜ್ಜೆ ವಾಪಸ್ ಬಂದು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಡಿಸ್ಕು ಕಟಕಟ ಅನ್ನುತ್ತಲೇ ಇತ್ತು. ಬೇಗ ಅಪ್ಪಾ ಅನ್ನೋಕೆ ಸುಮಿತಾಗೆ ಬಾಯಿ ಬರಲಿಲ್ಲ.

ಎಲ್ಲರೂ ಮೇಲೆ.

ಕಣ್ಣೀರು ಇಳಿದು ಅವರ ಬಿಳಿ ಗಡ್ಡದಲ್ಲಿ ನಿಂತಿತ್ತು. ಒರೆಸಿಕೊಳ್ಳಲಿಲ್ಲ. "ಈಗ ನಿಲ್ಸು ಪಾಪಾ" ಅಂದರು.